ಪಾಠಶಾಲೆಯೊಳಗಣ ಪೇಟೆ

ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂದು ನಮ್ಮ ಹಳ್ಳಿಗಾಡಿನವರು ಹೇಳುವುದುಂಟು. ಮಾತು ಒಳ್ಳೆಯದೇ, ಕೊಟ್ಟವನ ಮನಸ್ಸನ್ನು ನೋಯಿಸಬಾರದೆಂಬ ಸೌಜನ್ಯ ಅದರಲ್ಲಿದೆ. ಆದರೆ ಆ ಗಾದೆಯನ್ನು ಪ್ರಯೋಗಿಸುವುದಕ್ಕೆ ಮುಂಚೆ ಒಂದು ವಿಷಯ ನಿಶ್ಚಯವಾಗಬೇಕು. ಬಂದ ಎಮ್ಮೆ ನಿಜವಾಗಿಯೂ ದಾನಕ್ಕೆ ಬಂದದ್ದೇ? ಕೊಟ್ಟವನು ಹಗ್ಗದ ತುದಿಯನ್ನು ತನ್ನ ಕೈಯಲ್ಲಿಯೇ ಹಿಡಿದುಕೊಂಡು, “ಎಮ್ಮೆ ನಿಮ್ಮ ಕೊಟ್ಟಿಗೆಯಲ್ಲಿರಲಿ, ಹಾಲನ್ನು ನೀವೇ ಕುಡಿಯಿರಿ, ಆದರೆ ನಿಮ್ಮ ಮಕ್ಕಳನ್ನು ದಿನವೂ ಕೆಲವು ನಿಮಿಷ ನನ್ನ ಅಂಗಡಿಯ ಮುಂದೆ ಕೂರಿಸಬೇಕು, ತಪ್ಪಿದರೆ ಎಮ್ಮೆಯನ್ನು ಹೊಡೆದುಕೊಂಡು ಹೋಗುವೆನು” ಎಂದರೆ, ಆಗ ಹಲ್ಲನ್ನು ಮಾತ್ರವಲ್ಲ, ಕೊಂಬು, ಬಾಲ, ಗೊರಸುಗಳನ್ನೂ ನೋಡಿಯೇ ಮಾತಾಡಬೇಕಾಗುತ್ತದೆ.

ನಮ್ಮ ಧರ್ಮಶಾಸ್ತ್ರದ ನಿಬಂಧಕಾರರು ದಾನಕ್ಕೆ ಬಹು ಸ್ಪಷ್ಟವಾದ ಲಕ್ಷಣವನ್ನು ಇಟ್ಟುಕೊಂಡಿದ್ದರು. ವಸ್ತುವಿನ ಮೇಲೆ ತನಗಿರುವ ಸ್ವತ್ವವು ಮೊದಲು ನಿವೃತ್ತವಾಗಬೇಕು. ಆಮೇಲೆ ಪಡೆದವನ ಸ್ವತ್ವವು ಹುಟ್ಟಬೇಕು. ಈ ಎರಡೂ ನಡೆದರೆ ಅದು ದಾನ. ಕೊಟ್ಟವನ ಸ್ವತ್ವ ಉಳಿದೇ ಇದ್ದರೆ ಅದು ಎರವಲಾಗಬಹುದು, ಬಾಡಿಗೆಯಾಗಬಹುದು, ಒತ್ತೆಯಾಗಬಹುದು, ದಾನವಂತೂ ಆಗದು. ಶಾಲೆಗಳಿಗೆ ‘ಪುಕ್ಕಟೆ’ ಎಂಬ ಹೆಸರಿನಲ್ಲಿ ಬರುತ್ತಿರುವ ಯಂತ್ರೋಪಕರಣಗಳನ್ನು ಈ ಒರೆಗಲ್ಲಿಗೆ ಉಜ್ಜಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ಪಾಠದ ಕೋಣೆಗೆ ಯಂತ್ರವನ್ನು ನಾವು ಕೊಡುವೆವು, ಪ್ರತಿಯಾಗಿ ಮಕ್ಕಳು ನಮ್ಮ ಜಾಹೀರಾತನ್ನು ನೋಡಲಿ ಎಂಬ ವ್ಯಾಪಾರವು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ೧೯೯೦ರಿಂದ ೨೦೧೮ರ ವರೆಗೆ ಬಹು ದೊಡ್ಡ ಪ್ರಮಾಣದಲ್ಲಿ ನಡೆದು ಕೊನೆಗಂಡಿತು. ಮುಗಿದ ಕಥೆಯಾದುದರಿಂದ ಅದರ ಆದ್ಯಂತಗಳನ್ನು ನೋಡುವುದಕ್ಕೆ ಅನುಕೂಲವಿದೆ. ಅಂಥ ವ್ಯಾಪಾರವು ರೂಪವನ್ನು ಬದಲಾಯಿಸಿಕೊಂಡು ನಮ್ಮ ಮನೆಬಾಗಿಲಿಗೂ ಬಂದಿರುವುದರಿಂದ ನೋಡುವ ಅವಶ್ಯಕತೆಯೂ ಇದೆ.

ಕರಾರಿನ ಸ್ವರೂಪ

ಟೆನೆಸಿ ಸಂಸ್ಥಾನದ ನಾಕ್ಸ್‌ವಿಲ್ ಪಟ್ಟಣದಲ್ಲಿ ಕ್ರಿಸ್ಟೋಫರ್ ವಿಟ್ಲ್ ಎಂಬ ಉದ್ಯಮಿಯು ವಿಟ್ಲ್ ಕಮ್ಯುನಿಕೇಷನ್ಸ್ ಎಂಬ ಕಂಪನಿಯನ್ನು ನಡೆಸುತ್ತಿದ್ದರು. ವೈದ್ಯರ ಹೊರಕೋಣೆಯಲ್ಲಿ ಸರದಿಗಾಗಿ ಕಾದು ಕುಳಿತ ರೋಗಿಗಳಿಗೆಂದೇ ಜಾಹೀರಾತುಗಳಿಂದ ಕೂಡಿದ ಪತ್ರಿಕೆಗಳನ್ನು ಹೊರಡಿಸಿದವರು ಅವರು. ಎದ್ದು ಹೋಗಲಾರದೆ ಕುಳಿತಿರುವವನೇ ಜಾಹೀರಾತುದಾರನಿಗೆ ಉತ್ತಮ ಪ್ರೇಕ್ಷಕನೆಂಬ ಸೂಕ್ಷ್ಮವನ್ನು ಕಂಡುಕೊಂಡ ಮೇಲೆ, ಅಂಥ ಪ್ರೇಕ್ಷಕರು ಎಲ್ಲಕ್ಕಿಂತ ಹೆಚ್ಚಾಗಿ ಇರುವ ಸ್ಥಳ ಯಾವುದೆಂದು ಯೋಚಿಸುವುದು ಕಷ್ಟವಲ್ಲ. ಅದು ಪಾಠಶಾಲೆ.

೧೯೮೯ರಲ್ಲಿ ಆರು ಶಾಲೆಗಳಲ್ಲಿ ಪರೀಕ್ಷಾರ್ಥವಾಗಿ ನಡೆದ ಈ ಏರ್ಪಾಡು ೧೯೯೦ರ ಮಾರ್ಚಿ ತಿಂಗಳಲ್ಲಿ ‘ಚಾನೆಲ್ ವನ್’ ಎಂಬ ಹೆಸರಿನಿಂದ ದೇಶದಲ್ಲೆಲ್ಲ ಆರಂಭವಾಯಿತು. ಕಂಪನಿಯವರು ಶಾಲೆಯ ಮಾಳಿಗೆಯ ಮೇಲೆ ಉಪಗ್ರಹದ ತಟ್ಟೆಯೊಂದನ್ನು ನಿಲ್ಲಿಸಿ, ವಿಡಿಯೋ ಯಂತ್ರಗಳನ್ನು ಕೊಟ್ಟು, ಕೋಣೆಕೋಣೆಗೂ ತಂತಿ ಎಳೆದು, ಟೆಲಿವಿಷನ್ ಪೆಟ್ಟಿಗೆಗಳನ್ನು ತೂಗುಹಾಕುವರು. ಒಂದೊಂದು ಶಾಲೆಗೆ ಇದರ ಬೆಲೆ ಸುಮಾರು ೫೦,೦೦೦ ಡಾಲರೆಂದು ಆಗ ಪ್ರಚಾರವಾಗಿತ್ತು. ಶಾಲೆಯು ಒಂದು ಕಾಸನ್ನೂ ಕೊಡಬೇಕಾಗಿರಲಿಲ್ಲ. ಪ್ರತಿದಿನವೂ ಹನ್ನೆರಡು ನಿಮಿಷದ ವಾರ್ತಾ ಕಾರ್ಯಕ್ರಮವೊಂದನ್ನು ಮಕ್ಕಳಿಗೆ ತೋರಿಸಿದರೆ ಸಾಕು. ಆ ಹನ್ನೆರಡರಲ್ಲಿ ಹತ್ತು ನಿಮಿಷ ಲೋಕವಾರ್ತೆ. ಎರಡು ನಿಮಿಷ ಜಾಹೀರಾತು.

ಕರಾರಿನ ಉಳಿದ ವಿಧಿಗಳನ್ನು ವಾಚಕರು ಲಕ್ಷ್ಯವಿಟ್ಟು ಗಮನಿಸಬೇಕು. ಶಾಲೆ ನಡೆಯುವ ದಿನಗಳಲ್ಲಿ ನೂರಕ್ಕೆ ೯೦ ದಿನ, ತರಗತಿಗಳಲ್ಲಿ ನೂರಕ್ಕೆ ೮೦ ತರಗತಿಗಳಲ್ಲಿ ಕಾರ್ಯಕ್ರಮವನ್ನು ತೋರಿಸತಕ್ಕದ್ದು. ಆದ್ಯಂತವಾಗಿ, ನಡುವೆ ತಡೆಯದೆ ತೋರಿಸತಕ್ಕದ್ದು. ಕರಾರಿನ ಅವಧಿ ಮೂರು ವರ್ಷ. ಪೆಟ್ಟಿಗೆ, ತಟ್ಟೆಗಳು ಕಂಪನಿಯ ಸೊತ್ತು. ಕರಾರನ್ನು ಬಿಟ್ಟ ಶಾಲೆ ಅವನ್ನೂ ಬಿಡಬೇಕು. ಸ್ವತ್ವನಿವೃತ್ತಿಯೆಂಬುದು ಇಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹಗ್ಗ ಕೊಟ್ಟವನ ಕೈಯಲ್ಲಿಯೇ ಇತ್ತು.

ಇಷ್ಟಾದರೂ ಶಾಲೆಗಳು ಸಾಲುಗಟ್ಟಿ ಒಪ್ಪಿದುವು. ಉಚ್ಛ್ರಾಯದ ಕಾಲದಲ್ಲಿ ಸುಮಾರು ೧೨,೦೦೦ ಶಾಲೆಗಳ ಸುಮಾರು ೮೦ ಲಕ್ಷ ವಿದ್ಯಾರ್ಥಿಗಳು ಈ ಕಾರ್ಯಕ್ರಮದ ಮುಂದೆ ಕುಳಿತಿದ್ದರು. ಅರ್ಧ ನಿಮಿಷದ ಒಂದು ಜಾಹೀರಾತಿಗೆ ಸುಮಾರು ೨ ಲಕ್ಷ ಡಾಲರುಗಳವರೆಗೆ ದರವಿತ್ತು. ೨ ಲಕ್ಷವನ್ನು ೮೦ ಲಕ್ಷಕ್ಕೆ ಹಂಚಿದರೆ ಒಂದು ಮಗುವಿನ ಅರ್ಧ ನಿಮಿಷದ ದೃಷ್ಟಿಗೆ ಎರಡೂವರೆ ಸೆಂಟು ಬೆಲೆಯಾಗುತ್ತದೆ. ಮಿಠಾಯಿ, ಉಪ್ಪು ಹಚ್ಚಿದ ಆಲೂಗಡ್ಡೆಯ ಚಿಪ್ಸು, ಸಕ್ಕರೆ ಪಾನೀಯ, ಮೊಡವೆಯ ಲೇಪ, ಸಿನಿಮಾ ಮುಂತಾದುವು ಈ ಬೆಲೆಯನ್ನು ತೆತ್ತು ಶಾಲೆಯೊಳಕ್ಕೆ ಬಂದುವು.

ಪೂರ್ವಪಕ್ಷ

ಪ್ರತಿಪಕ್ಷದವರ ವಾದವನ್ನು ಪೂರ್ತಿಯಾಗಿ ಕೇಳದೆ ಸಿದ್ಧಾಂತ ಹೇಳುವುದು ನಮ್ಮ ಶಾಸ್ತ್ರಪದ್ಧತಿಯಲ್ಲ. ಈ ಏರ್ಪಾಡಿನ ಪರವಾಗಿ ಹೇಳಬಹುದಾದುದು ಅಲ್ಪವೇನೂ ಅಲ್ಲ.

ಮೊದಲನೆಯದಾಗಿ, ಬಡ ಶಾಲೆಗೆ ಯಂತ್ರವನ್ನು ಕೊಳ್ಳುವ ಶಕ್ತಿ ಇಲ್ಲ, ಸರ್ಕಾರ ಕೊಡುವುದಿಲ್ಲ, ಹೀಗಿರುವಲ್ಲಿ ಯಾವನೋ ವರ್ತಕನು ಕೊಟ್ಟರೆ ಬೇಡವೆನ್ನುವುದು ಯಾವ ನ್ಯಾಯ? ಸೋರುವ ಮಾಡಿನ ಕೆಳಗೆ ಪಾಠ ಹೇಳಿದವರು ಯಾರೂ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾರರು. ಎರಡನೆಯದಾಗಿ, ಮಕ್ಕಳು ಮನೆಯಲ್ಲಿ, ಬೀದಿಯಲ್ಲಿ ಹೇಗೂ ನೂರಾರು ಜಾಹೀರಾತುಗಳನ್ನು ನೋಡುತ್ತಾರೆ. ಶಾಲೆಯಲ್ಲಿ ಮತ್ತೆ ನಾಲ್ಕನ್ನು ನೋಡಿದರೆ ಆಕಾಶ ಬೀಳುವುದೇ? ಮೂರನೆಯದಾಗಿ, ಲೋಕವಾರ್ತೆಯಲ್ಲಿ ಆಸಕ್ತಿಯಿಲ್ಲದ ಹುಡುಗರಿಗೆ ದಿನವೂ ಹತ್ತು ನಿಮಿಷ ವಾರ್ತೆಯನ್ನು ತಿಳಿಸುವುದು ಲಾಭವಲ್ಲವೇ? ವಾರ್ತೆಗಳೂ ಕಳಪೆಯಾಗಿರಲಿಲ್ಲ. ಮುಂದೆ ದೇಶಖ್ಯಾತರಾದ ಆಂಡರ್ಸನ್ ಕೂಪರ್, ಲೀಸಾ ಲಿಂಗ್ ಎಂಬ ವಾರ್ತಾಗಾರರು ತಮ್ಮ ತಾರುಣ್ಯದಲ್ಲಿ ಅಲ್ಲಿ ದುಡಿದವರು. ಪೀಬಡಿ ಪಾರಿತೋಷಕವೂ ಆ ಸಂಸ್ಥೆಗೆ ಬಂದಿತ್ತು.

ಇನ್ನೊಂದು ಆಕ್ಷೇಪವನ್ನು ವಾಚಕರೇ ಎತ್ತಬಹುದು. “ಸ್ವಾಮಿ, ನೀವು ಬರೆಯುತ್ತಿರುವ ಈ ಪತ್ರಿಕೆಗಳೆಲ್ಲ ನಡೆಯುವುದೂ ಜಾಹೀರಾತಿನ ಹಣದಿಂದಲೇ ಅಲ್ಲವೇ?” ನಿಜ. ಜಾಹೀರಾತೆಂಬುದೇ ಪಾಪವೆಂದು ನಾವು ಹೇಳುತ್ತಿಲ್ಲ. ವರ್ತಕನು ತನ್ನ ಸರಕಿನ ಗುಣವನ್ನು ಕೂಗಿ ಹೇಳುವುದು ಸಂತೆಯಷ್ಟು ಹಳೆಯದು. ಪತ್ರಿಕೆಯ ವಾಚಕನು ಹಾಳೆಯನ್ನು ಮಗುಚಬಲ್ಲನು, ಬೇಡವೆನಿಸಿದರೆ ಪತ್ರಿಕೆಯನ್ನೇ ಮುಚ್ಚಿಡಬಲ್ಲನು. ಸಂತೆಗೆ ಹೋದವನು ಅಂಗಡಿಯನ್ನು ದಾಟಿ ಮುಂದೆ ಹೋಗಬಲ್ಲನು. ತರಗತಿಯಲ್ಲಿ ಕುಳಿತ ಹನ್ನೆರಡು ವರ್ಷದ ಮಗುವು ಎಲ್ಲಿಗೆ ಹೋಗಬೇಕು?

ಇದು ಬರಿಯ ಮಾತಿನ ಚಮತ್ಕಾರವಲ್ಲ. ೧೯೯೯ರಲ್ಲಿ ಒಹಾಯೋ ಸಂಸ್ಥಾನದ ಒಂದು ಊರಿನಲ್ಲಿ ಚಾನೆಲ್ ವನ್ನನ್ನು ನೋಡುವುದಿಲ್ಲವೆಂದು ಹಟ ಹಿಡಿದ ಇಬ್ಬರು ಮಕ್ಕಳನ್ನು ಬಾಲಾಪರಾಧಿಗಳ ಗೃಹದಲ್ಲಿ ಒಂದು ದಿನ ಕೂಡಿಹಾಕಲಾಯಿತು. ಕಡ್ಡಾಯ ಶಿಕ್ಷಣವೆಂಬ ಕಾನೂನು ಎಲ್ಲ ನಾಗರಿಕ ದೇಶಗಳಲ್ಲಿಯೂ ಉಂಟು. ನಮ್ಮ ದೇಶದಲ್ಲಿಯೂ ೨೦೦೯ರ ಶಾಸನವು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆಲ್ಲ ಶಿಕ್ಷಣವನ್ನು ವಿಧಿಸಿದೆ. ರಾಜ್ಯವು ತನ್ನ ದಂಡಶಕ್ತಿಯಿಂದ ಮಕ್ಕಳನ್ನು ಶಾಲೆಗೆ ಬರಮಾಡುವುದು ಅವರಿಗೆ ವಿದ್ಯೆ ಬರಲೆಂದು. ಹಾಗೆ ಬಂದು ಕುಳಿತವರನ್ನು ಅರ್ಧ ನಿಮಿಷಕ್ಕೆ ಇಷ್ಟೆಂದು ಮತ್ತೊಬ್ಬನಿಗೆ ಬಾಡಿಗೆಗೆ ಕೊಡುವ ಅಧಿಕಾರವನ್ನು ರಾಜ್ಯಕ್ಕಾಗಲಿ ಮುಖ್ಯೋಪಾಧ್ಯಾಯರಿಗಾಗಲಿ ಯಾವ ತಂದೆತಾಯಿಗಳೂ ಕೊಟ್ಟಿಲ್ಲ.

ಲೆಕ್ಕವನ್ನು ನೋಡಿದರೆ

ಉಪಾಧ್ಯಾಯ ವೃತ್ತಿಯವರಿಗೆ ಲೆಕ್ಕ ಬಿಡಿಸದೆ ಸಮಾಧಾನವಾಗುವುದಿಲ್ಲ. ಅಮೆರಿಕಾದ ಶಾಲೆ ವರ್ಷಕ್ಕೆ ಸುಮಾರು ೧೮೦ ದಿನ ನಡೆಯುತ್ತದೆ. ಎಲ್ಲ ದಿನವೂ ತೋರಿಸಿದರೆ, ದಿನಕ್ಕೆ ೧೨ ನಿಮಿಷದಂತೆ ೨,೧೬೦ ನಿಮಿಷ, ಎಂದರೆ ೩೬ ಗಂಟೆ. ಶಾಲೆಯ ದಿನವು ಆರು ಗಂಟೆಯದೆಂದು ಇಟ್ಟುಕೊಂಡರೆ ವರ್ಷಕ್ಕೆ ಆರು ದಿನ. ಅದರಲ್ಲಿ ಪೂರ್ತಿ ಒಂದು ದಿನ ಜಾಹೀರಾತಿಗೇ ಮೀಸಲು. ಆರನೆಯ ತರಗತಿಯಿಂದ ಹನ್ನೆರಡನೆಯ ತರಗತಿಯ ವರೆಗೆ ಏಳು ವರ್ಷ ಹೀಗೆ ಕುಳಿತ ಹುಡುಗನು ೪೨ ದಿನಗಳನ್ನು ಆ ಪೆಟ್ಟಿಗೆಗೆ ಒಪ್ಪಿಸಿದಂತಾಯಿತು. ಬೆಳಗಿನಿಂದ ಸಂಜೆಯವರೆಗೆ ಬರಿಯ ಜಾಹೀರಾತು ನೋಡಿದ ದಿನಗಳು ಏಳು.

ಈ ಹೊತ್ತಿಗೆ ಬೆಲೆಯುಂಟು. ಉಪಾಧ್ಯಾಯರ ಸಂಬಳ, ಕಟ್ಟಡದ ಖರ್ಚು, ದೀಪ, ನೀರು ಎಲ್ಲವನ್ನೂ ಕಂದಾಯ ಕೊಡುವ ಪ್ರಜೆಗಳೇ ತೆರುತ್ತಾರೆ. ಅಲೆಕ್ಸ್ ಮಾಲ್ನರ್ ಮತ್ತು ಮ್ಯಾಕ್ಸ್ ಸಾವಿಕಿ ಎಂಬ ವಿದ್ವಾಂಸರು ೧೯೯೮ರಲ್ಲಿ ಈ ಲೆಕ್ಕವನ್ನು ಕೂಲಂಕಷವಾಗಿ ಮಾಡಿದರು. ಚಾನೆಲ್ ವನ್ನಿಗೆ ಹೋದ ಪಾಠದ ಹೊತ್ತಿನ ಬೆಲೆ ದೇಶಕ್ಕೆಲ್ಲ ವರ್ಷಕ್ಕೆ ೧೮೦ ಕೋಟಿ ಡಾಲರು. ಅದರಲ್ಲಿ ಜಾಹೀರಾತಿನ ಹೊತ್ತಿಗೇ ೩೦ ಕೋಟಿ. ಒಂದು ಶಾಲೆಯನ್ನು ತೆಗೆದುಕೊಂಡರೆ, ಜಾಹೀರಾತಿಗೆ ಹೋದ ಹೊತ್ತಿನ ಬೆಲೆ ವರ್ಷಕ್ಕೆ ಸುಮಾರು ೨೬,೦೦೦ ಡಾಲರು. ಪುಕ್ಕಟೆಯಾಗಿ ಬಂದ ಯಂತ್ರಗಳ ಬೆಲೆಯನ್ನಾದರೋ ಅವರು ಒಟ್ಟು ೧೭,೦೦೦ ಡಾಲರೆಂದು ಕಟ್ಟಿದರು. ಬಾಡಿಗೆಗೆ ತಂದರೆ ವರ್ಷಕ್ಕೆ ೪,೦೦೦ ಸಾಕಾಗುತ್ತಿತ್ತು. ಪುಕ್ಕಟೆಯೆಂದು ತಂದುದಕ್ಕೆ ಶಾಲೆಯು ಒಂದೇ ವರ್ಷದಲ್ಲಿ ಅದರ ಬೆಲೆಗಿಂತ ಹೆಚ್ಚನ್ನು ತೆತ್ತಿತು. ಆಮೇಲೂ ಯಂತ್ರ ಶಾಲೆಯದಾಗಲಿಲ್ಲ.

ಸರಿ, ಫಲವಾದರೂ ಏನು? ಮಿಷಿಗನ್ ವಿಶ್ವವಿದ್ಯಾನಿಲಯದವರು ಮೊದಲ ವರ್ಷಗಳಲ್ಲಿ ನಡೆಸಿದ ಪರಿಶೀಲನೆಯಲ್ಲಿ, ನೋಡಿದ ಮಕ್ಕಳ ಲೋಕವಾರ್ತಾಜ್ಞಾನವು ನೋಡದವರಿಗಿಂತ ಅತ್ಯಲ್ಪವಾಗಿ ಮಾತ್ರ ಹೆಚ್ಚಿತ್ತು. ಗ್ರೀನ್‌ಬರ್ಗ್ ಮತ್ತು ಬ್ರ್ಯಾಂಡ್ ಎಂಬ ಸಂಶೋಧಕರು ೧೯೯೩ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ, ನೋಡಿದ ಮಕ್ಕಳಿಗೆ ಜಾಹೀರಾತಾದ ಸರಕುಗಳ ಮೇಲೆ ಆಸೆ ಹೆಚ್ಚಿತ್ತು. ಹಣ ಮತ್ತು ವಸ್ತುಗಳೇ ಸುಖವೆಂಬ ಭಾವನೆಯೂ ಹೆಚ್ಚಿತ್ತು. ೨೦೦೬ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಪ್ರಕಟವಾದ ಮತ್ತೊಂದು ಪರಿಶೀಲನೆಯಲ್ಲಿ, ಮಕ್ಕಳು ವಾರ್ತೆಗಳಿಗಿಂತ ಜಾಹೀರಾತುಗಳನ್ನೇ ಹೆಚ್ಚಾಗಿ ನೆನಪಿನಲ್ಲಿಟ್ಟುಕೊಂಡಿದ್ದರು. ಹತ್ತು ನಿಮಿಷದ ಪಾಠಕ್ಕಿಂತ ಎರಡು ನಿಮಿಷದ ಪಾಠವು ಹೆಚ್ಚು ನಾಟಿತು! ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಯಾವುದಕ್ಕೆ ಅರ್ಧ ನಿಮಿಷಕ್ಕೆ ಲಕ್ಷ ಡಾಲರು ತೆತ್ತಿದ್ದಾರೋ ಅದನ್ನು ನಾಟುವಂತೆಯೇ ರಚಿಸುತ್ತಾರೆ.

ಎಲ್ಲಕ್ಕಿಂತ ಮನಸ್ಸನ್ನು ನೋಯಿಸತಕ್ಕ ಸಂಗತಿ ಬೇರೊಂದಿದೆ. ಈ ಕರಾರಿಗೆ ಒಪ್ಪಿದ ಶಾಲೆಗಳು ಯಾವುವೆಂದು ಮೈಕೇಲ್ ಮಾರ್ಗನ್ ಎಂಬ ಪ್ರಾಧ್ಯಾಪಕರು ೧೯೯೩ರಲ್ಲಿ ವಿಚಾರಿಸಿದಾಗ, ಬಡವರ ಕೇರಿಗಳ ಶಾಲೆಗಳೇ, ಮಕ್ಕಳ ಮೇಲೆ ಅತಿ ಕಡಮೆ ಖರ್ಚು ಮಾಡಬಲ್ಲ ಶಾಲೆಗಳೇ ಅವುಗಳಲ್ಲಿ ಹೆಚ್ಚಾಗಿದ್ದುವು. ಹಣವಂತರ ಶಾಲೆಗಳು ಯಂತ್ರವನ್ನು ಹಣಕೊಟ್ಟು ತಂದುವು. ಬಡವರ ಶಾಲೆಗಳು ಮಕ್ಕಳ ಹೊತ್ತನ್ನು ಕೊಟ್ಟು ತಂದುವು. ಯಾರಿಗೆ ಪಾಠದ ಹೊತ್ತು ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತೋ ಅವರದೇ ಕಡಮೆಯಾಯಿತು.

ಆಪ್ತವಾಕ್ಯದ ವಿಚಾರ

ಲೆಕ್ಕವನ್ನು ಬದಿಗಿಟ್ಟರೂ ಒಂದು ತತ್ತ್ವದ ಪ್ರಶ್ನೆ ಉಳಿಯುತ್ತದೆ. ಸಂಬಳ ಗೊತ್ತುಮಾಡಿಕೊಂಡು ಪಾಠ ಹೇಳುವವನನ್ನು ನಮ್ಮ ಸ್ಮೃತಿಕಾರರು ಭೃತಕಾಧ್ಯಾಪಕನೆಂದು ಕರೆದು ಶ್ರಾದ್ಧದ ಪಂಕ್ತಿಯಿಂದಲೇ ಹೊರಗಿಟ್ಟಿದ್ದರು. ಮೂವತ್ತು ವರ್ಷ ಸಂಬಳವನ್ನು ಎಣಿಸಿಕೊಂಡ ನಾವು ಆ ಕಟ್ಟಳೆಯನ್ನು ಎತ್ತಿ ಹಿಡಿಯುವ ಧೈರ್ಯ ಮಾಡುವುದಿಲ್ಲ. ಆದರೆ ಅವರು ಆಕ್ಷೇಪಿಸಿದುದು ವಿದ್ಯೆಯನ್ನು ಮಾರುವುದನ್ನು. ಈ ಹೊಸ ವ್ಯಾಪಾರದಲ್ಲಿ ಮಾರಾಟವಾಗುವುದು ವಿದ್ಯೆಯಲ್ಲ, ವಿದ್ಯಾರ್ಥಿ. ಇಂಥದೊಂದು ಆದೀತೆಂದು ಅವರಿಗೆ ಹೊಳೆಯಲೇ ಇಲ್ಲವೆಂದು ತೋರುತ್ತದೆ.

ನ್ಯಾಯಶಾಸ್ತ್ರದವರು ಶಬ್ದವನ್ನೂ ಪ್ರಮಾಣವೆಂದು ಒಪ್ಪುತ್ತಾರೆ. ಆದರೆ ಎಲ್ಲ ಶಬ್ದವನ್ನೂ ಅಲ್ಲ, ಆಪ್ತನ ಶಬ್ದವನ್ನು ಮಾತ್ರ. ವಸ್ತುವನ್ನು ಇದ್ದಂತೆ ಬಲ್ಲವನಾಗಿ, ಬಲ್ಲುದನ್ನು ಇದ್ದಂತೆ ಹೇಳುವ ಇಚ್ಛೆಯುಳ್ಳವನು ಆಪ್ತ. ಮಗುವಿಗೆ ತಾಯಿ ಆಪ್ತಳು. ಆಮೇಲೆ ಉಪಾಧ್ಯಾಯನು ಆಪ್ತನು. ಭೂಮಿ ಗುಂಡಗಿದೆಯೆಂದು ಮಗು ನಂಬುವುದು ತಾನು ಸುತ್ತಿ ನೋಡಿ ಅಲ್ಲ, ಮೇಷ್ಟ್ರು ಹೇಳಿದರೆಂದು. ಪಾಠದ ಕೋಣೆಯ ನಾಲ್ಕು ಗೋಡೆಗಳ ಒಳಗೆ ನುಡಿದುದಕ್ಕೆಲ್ಲ ಈ ವಿಶ್ವಾಸದ ಮುದ್ರೆ ಬೀಳುತ್ತದೆ. ವರ್ತಕನು ಲಕ್ಷಗಟ್ಟಲೆ ಡಾಲರು ತೆತ್ತು ಕೊಂಡುಕೊಂಡದ್ದು ಹೊತ್ತನ್ನಷ್ಟೇ ಅಲ್ಲ, ಈ ಮುದ್ರೆಯನ್ನು. ತನ್ನ ಲಾಭಕ್ಕಾಗಿ ಮಾತಾಡುವವನು ಸುಳ್ಳನ್ನೇ ಹೇಳುವನೆಂದಲ್ಲ. ಆದರೆ ಅವನು ಆಪ್ತನಲ್ಲ. ಅವನ ಮಾತನ್ನು ಆಪ್ತನ ಪೀಠದಿಂದ ಆಡಿಸಿದರೆ, ಮಗುವಿಗೆ ಇಬ್ಬರಲ್ಲಿ ವ್ಯತ್ಯಾಸ ತಿಳಿಯದೆ ಹೋಗುತ್ತದೆ. ತಿಳಿದ ದಿನ ಇಬ್ಬರ ಮೇಲೆಯೂ ನಂಬಿಕೆ ಹೋಗುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡ ನಷ್ಟ.

ಇಲ್ಲಿ ಒಂದು ಸಂದೇಹವನ್ನು ಪರಿಹರಿಸಬೇಕು. ನಮ್ಮ ಊರುಗಳ ಶಾಲೆಗಳಲ್ಲಿ ಬೆಂಚು, ಗಡಿಯಾರ, ಫ್ಯಾನುಗಳ ಮೇಲೆ ‘ಇಂಥವರ ಸ್ಮರಣಾರ್ಥ ಇಂಥವರ ಕಾಣಿಕೆ’ ಎಂದು ಬರೆದಿರುತ್ತದೆಯಷ್ಟೆ. ಅದೂ ಜಾಹೀರಾತೇ ಅಲ್ಲವೇ? ಅಲ್ಲವೆಂದು ನಮ್ಮ ಅಭಿಪ್ರಾಯ. ಆ ಬೆಂಚು ಶಾಲೆಯದಾಗಿಬಿಟ್ಟಿದೆ; ದಾತೃವು ಅದನ್ನು ಹಿಂದಕ್ಕೆ ಒಯ್ಯುವುದಿಲ್ಲ; ದಿನವೂ ಹನ್ನೆರಡು ನಿಮಿಷ ತನ್ನ ಹೆಸರನ್ನು ಓದಿಸಬೇಕೆಂದು ಕರಾರು ಬರೆಯಿಸುವುದಿಲ್ಲ; ತನ್ನ ಅಂಗಡಿಗೆ ಬನ್ನಿರೆಂದು ಮಕ್ಕಳನ್ನು ಕರೆಯುವುದಿಲ್ಲ. ಅಕ್ಷರ ಕೊಂಚ ದಪ್ಪನಾಗಿದ್ದರೆ ಅದನ್ನು ಮನುಷ್ಯಸಹಜವಾದ ಕೀರ್ತಿಕಾಮನೆಯೆಂದು ಕ್ಷಮಿಸಬಹುದು.

ಕಥೆಯ ಮುಕ್ತಾಯ

ಅಮೆರಿಕಾದ ಜನ ಇದನ್ನು ಸುಮ್ಮನೆ ನೋಡುತ್ತ ಕುಳಿತಿರಲಿಲ್ಲ. ನ್ಯೂಯಾರ್ಕ್ ಸಂಸ್ಥಾನದ ಶಿಕ್ಷಣ ಮಂಡಲಿಯು ೧೯೮೯ರಲ್ಲಿಯೇ ತನ್ನ ಸಾರ್ವಜನಿಕ ಶಾಲೆಗಳಲ್ಲಿ ಇದನ್ನು ನಿಷೇಧಿಸಿತು. ಕ್ಯಾಲಿಫೋರ್ನಿಯಾದ ನ್ಯಾಯಾಲಯವು ವಾದಪ್ರತಿವಾದಗಳನ್ನು ಕೇಳಿ, ಇಷ್ಟವಿಲ್ಲದ ವಿದ್ಯಾರ್ಥಿಯನ್ನು ಬಲಾತ್ಕರಿಸಬಾರದೆಂಬ ನಿಬಂಧನೆಯ ಮೇಲೆ ಮಾತ್ರ ಅವಕಾಶ ಕೊಟ್ಟಿತು. ೧೯೯೯ರ ಮೇ ೨೦ರಂದು ಸೆನೆಟ್ ಸಭೆಯ ಸಮಿತಿಯೊಂದು ವಿಚಾರಣೆ ನಡೆಸಿದಾಗ, ಬಳಕೆದಾರರ ಪರವಾಗಿ ಹೋರಾಡುತ್ತಿದ್ದ ರಾಲ್ಫ್ ನೇಡರ್ ಅವರೂ, ಸಂಪ್ರದಾಯಪಕ್ಷದ ಮುಖಂಡರಾಗಿದ್ದ ಫಿಲಿಸ್ ಶ್ಲಾಫ್ಲಿ ಅವರೂ ಬಂದು ಒಂದೇ ಪಕ್ಕದಲ್ಲಿ ನಿಂತು ಸಾಕ್ಷ್ಯ ಹೇಳಿದರು. ರಾಜಕೀಯದಲ್ಲಿ ಉತ್ತರ ಧ್ರುವ, ದಕ್ಷಿಣ ಧ್ರುವಗಳಂತಿದ್ದವರು ಮಕ್ಕಳ ವಿಷಯದಲ್ಲಿ ಒಂದಾದರು. ಕಂಪನಿಯು ಕೈಯಿಂದ ಕೈಗೆ ಮಾರಾಟವಾಗಿ, ೨೦೧೪ರಲ್ಲಿ ಪಠ್ಯಪುಸ್ತಕಗಳ ಪ್ರಕಾಶಕರೊಬ್ಬರ ವಶಕ್ಕೆ ಬಂದು, ೨೦೧೮ರಲ್ಲಿ ಕಾರ್ಯಕ್ರಮ ನಿಂತುಹೋಯಿತು.

ಇದರ ತಮ್ಮನೊಬ್ಬನ ಕಥೆ ಇನ್ನೂ ಚಿಕ್ಕದು. ೧೯೯೦ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ‘ಝ್ಯಾಪ್‌ಮಿ’ ಎಂಬ ಕಂಪನಿ ಹುಟ್ಟಿ, ಶಾಲೆಗಳಿಗೆ ಪುಕ್ಕಟೆ ಕಂಪ್ಯೂಟರುಗಳನ್ನೂ ಅಂತರ್ಜಾಲದ ಸಂಪರ್ಕವನ್ನೂ ಕೊಡತೊಡಗಿತು. ಯಂತ್ರಗಳು ದಿನಕ್ಕೆ ನಾಲ್ಕು ಗಂಟೆಯಾದರೂ ಉಪಯೋಗದಲ್ಲಿರಬೇಕೆಂಬುದು ಕರಾರು. ಪರದೆಯ ಒಂದು ಮೂಲೆಯಲ್ಲಿ ಜಾಹೀರಾತು ಸದಾ ಹೊಳೆಯುತ್ತಿರುವುದು. ಇಲ್ಲಿ ಒಂದು ಹೊಸ ವಿಶೇಷವಿತ್ತು. ಟೆಲಿವಿಷನ್ ಪೆಟ್ಟಿಗೆಯನ್ನು ಮಗು ನೋಡುತ್ತಿತ್ತು. ಈ ಯಂತ್ರವಾದರೋ ಮಗುವನ್ನು ನೋಡುತ್ತಿತ್ತು. ಎಷ್ಟು ವಯಸ್ಸಿನವರು, ಗಂಡೋ ಹೆಣ್ಣೋ, ಯಾವ ಅಂಚೆಯ ವಲಯದವರು, ಯಾವ ಪುಟಗಳನ್ನು ತೆರೆದರು ಎಂಬ ವಿವರಗಳು ಒಟ್ಟಾರೆಯಾಗಿ ಕಂಪನಿಗೆ ಹೋಗುತ್ತಿದ್ದುವು. ಪ್ರತಿಭಟನೆ ಎದ್ದಿತು, ಜಾಹೀರಾತಿನ ಹಣವೂ ಸಾಲದಾಯಿತು. ೨೦೦೦ದ ನವೆಂಬರಿನಲ್ಲಿ ಪುಕ್ಕಟೆಯ ಏರ್ಪಾಡನ್ನು ನಿಲ್ಲಿಸುವುದಾಗಿ ಕಂಪನಿಯೇ ಸಾರಿತು. ವರ್ತಕನ ಲಾಭವನ್ನು ನಂಬಿ ಪಾಠವನ್ನು ಏರ್ಪಡಿಸಿದರೆ, ಅವನ ಲಾಭ ಮುಗಿದ ದಿನ ಪಾಠವೂ ಮುಗಿಯುತ್ತದೆ.

ನಮ್ಮ ಮನೆಬಾಗಿಲಿನಲ್ಲಿ

ಝ್ಯಾಪ್‌ಮಿ ಹೋಯಿತು, ಅದು ತೋರಿಸಿಕೊಟ್ಟ ದಾರಿ ಹೋಗಲಿಲ್ಲ. ಈಗ ಶಾಲೆಗೆ ಬರುವ ಪುಕ್ಕಟೆಯ ವಸ್ತು ಪೆಟ್ಟಿಗೆಯ ರೂಪದಲ್ಲಿಲ್ಲ. ಕೈಯಲ್ಲಿ ಹಿಡಿಯುವ ಫೋನಿನೊಳಗಿನ ಆಪ್ ರೂಪದಲ್ಲಿ, ಪುಕ್ಕಟೆಯ ಅಂಚೆ, ಪುಕ್ಕಟೆಯ ಪಾಠಗಳ ರೂಪದಲ್ಲಿ ಬರುತ್ತದೆ. ವಿದ್ಯಾರ್ಥಿಗಳಿಗೆಂದು ಕೊಟ್ಟ ಪುಕ್ಕಟೆಯ ಅಂಚೆಯಲ್ಲಿ ಜಾಹೀರಾತಿನ ಉದ್ದೇಶಕ್ಕಾಗಿ ನಡೆಯುತ್ತಿದ್ದ ಪತ್ರಶೋಧನೆಯನ್ನು ನಿಲ್ಲಿಸಿರುವುದಾಗಿ ಗೂಗಲ್ ಕಂಪನಿಯು ೨೦೧೪ರ ಏಪ್ರಿಲಿನಲ್ಲಿ ತಿಳಿಸಿತು. ಕೊರೋನಾ ವ್ಯಾಧಿಯ ವರ್ಷಗಳಲ್ಲಿ ಶಾಲೆಗಳು ಮುಚ್ಚಿದಾಗ ೪೯ ದೇಶಗಳ ಸರ್ಕಾರಗಳು ಮಕ್ಕಳಿಗೆ ಶಿಫಾರಸು ಮಾಡಿದ ೧೬೦ಕ್ಕೂ ಮೇಲ್ಪಟ್ಟ ಇಂಥ ಸಾಧನಗಳನ್ನು ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆಯವರು ಪರಿಶೋಧಿಸಿ, ೨೦೨೨ರ ಮೇ ತಿಂಗಳಲ್ಲಿ ವರದಿ ಹೊರಡಿಸಿದರು. ನೂರಕ್ಕೆ ೮೯ ಸಾಧನಗಳು ಮಕ್ಕಳ ಹಕ್ಕಿಗೆ ಧಕ್ಕೆ ತರುವಂತೆ ಅಥವಾ ತರಬಹುದಾದಂತೆ ವಿವರಗಳನ್ನು ಸಂಗ್ರಹಿಸುತ್ತಿದ್ದುವೆಂದು ಅದರಲ್ಲಿ ಹೇಳಿದೆ. ನಮ್ಮ ಕೇಂದ್ರ ಸರ್ಕಾರದ ‘ದೀಕ್ಷಾ’ ಸಹ ಆ ಪಟ್ಟಿಯಲ್ಲಿತ್ತು. ಮಗುವಿರುವ ಸ್ಥಳವನ್ನು ಸೂಕ್ಷ್ಮವಾಗಿ ಗುರುತಿಸುವ ಸಾಮರ್ಥ್ಯ ಅದಕ್ಕಿತ್ತೆಂದು ಪರಿಶೋಧಕರು ಬರೆದರು. ಸರ್ಕಾರದ ಹೆಸರಿರುವುದೆಂಬ ಮಾತ್ರದಿಂದ ಗೃಹಸ್ಥರು ಕಣ್ಣು ಮುಚ್ಚಿರುವಂತಿಲ್ಲ.

ಕಾನೂನು ಸುಮ್ಮನಿಲ್ಲವೆಂಬುದು ಸಮಾಧಾನದ ವಿಷಯ. ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿಂಡಿಗಳನ್ನು ಶಾಲೆಯ ಆವರಣದಲ್ಲಿಯೂ ಬಾಗಿಲಿನಿಂದ ೫೦ ಮೀಟರುಗಳ ಒಳಗೂ ಮಾರುವುದನ್ನೂ ಜಾಹೀರಾತು ಮಾಡುವುದನ್ನೂ ನಮ್ಮ ಆಹಾರ ಸುರಕ್ಷತೆಯ ೨೦೨೦ರ ನಿಯಮಗಳು ನಿಷೇಧಿಸಿವೆ. ೨೦೨೩ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಶಾಸನವು, ೧೮ ವರ್ಷ ತುಂಬದವರ ವಿವರಗಳನ್ನು ಪಡೆಯುವುದಕ್ಕೆ ತಂದೆತಾಯಿಗಳ ಒಪ್ಪಿಗೆ ಬೇಕೆಂದೂ, ಮಕ್ಕಳ ನಡವಳಿಕೆಯ ಬೆನ್ನು ಹತ್ತುವುದಾಗಲಿ ಅವರಿಗೆ ಗುರಿಯಿಟ್ಟು ಜಾಹೀರಾತು ಮಾಡುವುದಾಗಲಿ ಕೂಡದೆಂದೂ ವಿಧಿಸಿದೆ, ವಿನಾಯಿತಿಗಳೂ ಕೆಲವುಂಟು. ಆದರೆ ೫೦ ಮೀಟರನ್ನು ಅಳೆಯುವ ಹಗ್ಗ ಫೋನಿನ ಪರದೆಗೆ ನಿಲುಕದು. ಒಪ್ಪಿಗೆಯ ಕಾಗದವನ್ನು ಓದದೆ ಸಹಿ ಹಾಕುವ ತಂದೆಯನ್ನು ಯಾವ ಶಾಸನವೂ ಕಾಪಾಡಲಾರದು.

ಆದಕಾರಣ, ಶಾಲೆಯಿಂದ ‘ಪುಕ್ಕಟೆ’ಯ ಸುದ್ದಿ ಬಂದಾಗ ಗೃಹಸ್ಥರು ಮುಖ್ಯೋಪಾಧ್ಯಾಯರನ್ನು ವಿನಯದಿಂದಲೇ ಐದು ಪ್ರಶ್ನೆಗಳನ್ನು ಕೇಳಬೇಕೆಂದು ನಮ್ಮ ಸೂಚನೆ. ಈ ವಸ್ತು ಶಾಲೆಯ ಸೊತ್ತಾಗುವುದೇ, ಕೊಟ್ಟವರದಾಗಿಯೇ ಉಳಿಯುವುದೇ? ಇದನ್ನು ಇಷ್ಟು ಹೊತ್ತು ಉಪಯೋಗಿಸಲೇಬೇಕೆಂಬ ಕರಾರುಂಟೇ? ಮಗುವಿನ ಯಾವ ಯಾವ ವಿವರ ಯಾರ ಯಾರ ಕೈಗೆ ಹೋಗುವುದು? ಬೇಡವೆಂದ ಮಗುವಿಗೆ ಬ��ರೆ ಪಾಠದ ಏರ್ಪಾಡುಂಟೇ? ಕೊಟ್ಟವರು ನಾಳೆ ನಿಲ್ಲಿಸಿದರೆ ಶಾಲೆ ಏನು ಮಾಡುವುದು? ಐದಕ್ಕೂ ತೃಪ್ತಿಕರವಾದ ಉತ್ತರ ಬಂದರೆ ಆ ದಾನವನ್ನು ಸಂತೋಷದಿಂದ ಸ್ವೀಕರಿಸೋಣ. ಕೊಟ್ಟವರ ಹೆಸರನ್ನು ಗೋಡೆಯ ಮೇಲೆ ದಪ್ಪಕ್ಷರದಲ್ಲಿಯೇ ಬರೆಯಿಸೋಣ. ಉತ್ತರ ತೊದಲಿದರೆ ಅದು ದಾನವಲ್ಲ, ವ್ಯಾಪಾರ. ವ್ಯಾಪಾರವೆಂದು ತಿಳಿದ ಮೇಲೆ ಬೆಲೆಯನ್ನು ವಿಚಾರಿಸದೆ ಯಾವ ಗೃಹಸ್ಥನೂ ಕೈಯೆತ್ತುವುದಿಲ್ಲ.

ಬೇಡವೆನ್ನುವುದು ಸುಲಭ, ಬಡ ಶಾಲೆಗೆ ಯಂತ್ರ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಉಳಿದೇ ಇದೆ. ಅದಕ್ಕೆ ಉತ್ತರವನ್ನು ನಮ್ಮ ಊರುಗಳೇ ಹಿಂದೆ ಕೊಟ್ಟಿವೆ. ತೇರಿಗೆ, ಗುಡಿಯ ಗೋಪುರಕ್ಕೆ, ಮಳೆಗಾಲದ ಮುಂಚೆ ಕೆರೆಯ ಏರಿಗೆ ಮನೆಮನೆಯಿಂದ ಪಟ್ಟಿ ಎತ್ತುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಅದೇ ಪಟ್ಟಿಯಿಂದ ಶಾಲೆಗೆ ಒಂದು ಯಂತ್ರ ಬಂದರೆ, ಅದು ಹಳೆಯದಾಗಿರಬಹುದು, ಒಂದೇ ಆಗಿರಬಹುದು; ಆದರೆ ಅದು ಶಾಲೆಯದು. ಅದನ್ನು ಹಚ್ಚುವ ಹೊತ್ತನ್ನೂ ಆರಿಸುವ ಹೊತ್ತನ್ನೂ ಮೇಷ್ಟ್ರೇ ನಿರ್ಧರಿಸುವರು. ಆರಿಸಲು ಅಧಿಕಾರವಿಲ್ಲದ ಯಂತ್ರವು ಎಷ್ಟು ಹೊಳೆಯುತ್ತಿದ್ದರೂ ಪಾಠದ ಉಪಕರಣವಲ್ಲ. ಅಲ್ಲಿ ಉಪಕರಣವಾಗಿರುವುದು ಮಗುವೇ.